ಖಾರ ಹತ್ತದ ಕೈ

ಬ್ಯಾಡಗಿ ಇನ್ನೂ ಬಂದಿರಲಿಲ್ಲ. ಬಸ್ಸಿನಲ್ಲಿ ಮುಂದೆ ಕುಳಿತವರೊಬ್ಬರು ಸೀನಿದರು, ಅವರ ಹಿಂದಿನವರು ಕೆಮ್ಮಿದರು, ಆಮೇಲೆ ಸಾಲು ಹಿಡಿದು ಎಲ್ಲರೂ ಶುರುಮಾಡಿದರು. ಹಾವೇರಿಯಲ್ಲಿ ಕಣ್ಣು ತೋರಿಸಿಕೊಂಡು ನಾನು ಊರಿಗೆ ಮರಳುತ್ತಿದ್ದೆ. ಪಕ್ಕದಲ್ಲಿ ಕುಳಿತಿದ್ದ ಹೆಣ್ಣುಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಏನ್ರಿ ಇದು, ಹೆಂಗ ಬದುಕತೀರಿ ಈ ಊರಾಗ?" ಎಂದಳು.

"ಮೂಗು ತೆರಕೊಂಡ ಬದುಕತೇವ್ರಿ" ಎಂದೆ.

ನಾನು ಕಿಟಕಿಯ ಗಾಜು ಇನ್ನಷ್ಟು ಸರಿಸಿ ತೆರೆದೆ. ಹೊಸ ಮೆಣಸಿನಕಾಯಿಯ ವಾಸನೆ ಅದು, ಸಂಕ್ರಾಂತಿ ಕಳೆದ ಮೇಲೆ ಬರುವಂಥದ್ದು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಹೊರಗಿನವರು ಹೇಳುತ್ತಾರೆ. ಹೇಳುವವರು ಬೆಳಗಿನಿಂದ ಸಂಜೆವರೆಗೆ ಕುಳಿತು ತೊಟ್ಟು ಮುರಿದು, ಅದೇ ಕೈಯಿಂದ ಒಮ್ಮೆ ಕಣ್ಣು ಉಜ್ಜಿಕೊಳ್ಳಲಿ. ಆಮೇಲೆ ಹೇಳಲಿ.

ನನ್ನ ಜೀವಮಾನದ ಸುಗ್ಗಿಗಳೆಲ್ಲ ಈ ವಾಸನೆಯಲ್ಲೇ ಕಳೆದಿವೆ. ಆದರೆ ವಾಸನೆ ಬಂದಾಗ ನೆನಪಾಗುವುದು ಒಂದೇ ಸುಗ್ಗಿ. ಆ ವರ್ಷ ನಾನು ಕಾಯಿ ಮುಟ್ಟಲೇ ಇಲ್ಲ ಎಂದರೂ ನಡೆದೀತು.

ಮೊದಲು ನಮ್ಮ ಕೆಲಸದ ರೀತಿ ಹೇಳಬೇಕು, ಇಲ್ಲವಾದರೆ ತಿಳಿಯುವುದಿಲ್ಲ. ಒಣಗಿದ ಕಾಯಿ ಬ್ಯಾಡಗಿಗೆ ಬರುತ್ತದೆ, ಅದರ ತೊಟ್ಟು ಮುರಿಯಲು ಸುತ್ತಲಿನ ಹಳ್ಳಿಗಳ ಹೆಂಗಸರು ಬೆಳಿಗ್ಗೆ ಟಂಟಂ ಗಾಡಿ ಹತ್ತಿ ಬರುತ್ತೇವೆ. ರಾಶಿಯ ಸುತ್ತ ಕುಳಿತರೆ ಮುಗಿಯಿತು, ಕೈ ಬೆಂಕಿ. ಆ ಕೈಯಿಂದ ಕೂಸನ್ನು ಎತ್ತುವಂತಿಲ್ಲ, ಅದರ ಮೂಗು ಒರೆಸುವಂತಿಲ್ಲ, ತುತ್ತು ಕೊಡುವಂತಿಲ್ಲ. ಸಾಬೂನು ಹಚ್ಚಿ ತೊಳೆದರೂ ಉರಿ ಹೋಗುವುದಿಲ್ಲ. ಹಾಗಾಗಿ ಚಿಕ್ಕ ಕೂಸಿರುವ ತಾಯಿ ತನ್ನ ಜೊತೆ ಖಾರ ಹತ್ತದ ಕೈಯೊಂದನ್ನು ಕರೆದುಕೊಂಡು ಬರಬೇಕು. ಆ ಕೈ ಯಾವಾಗಲೂ ಮನೆಯ ಹಿರಿಯ ಹುಡುಗಿಯದು. ಅವಳು ಒಂದು ಕಾಯಿಯನ್ನೂ ಮುಟ್ಟುವಂತಿಲ್ಲ, ಕೈ ತೊಳೆದುಕೊಂಡು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿ ಕೂರಬೇಕು, ಅಷ್ಟೇ. ಸಂಕ್ರಾಂತಿಯಿಂದ ಯುಗಾದಿವರೆಗೆ ಅವಳ ಶಾಲೆ ಅದೇ.

ನನ್ನ ಓದು ಮೂರನೇ ಇಯತ್ತೆಗೆ ನಿಂತದ್ದು ಹೀಗೆಯೇ. ಆಗ ಊರೂರಿನ ಕಣದಲ್ಲೇ ತೊಟ್ಟು ಮುರಿಯುತ್ತಿದ್ದರು. ನನ್ನ ತಮ್ಮನಿಗೆ ನಾನು ಖಾರ ಹತ್ತದ ಕೈ. ನಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳೆಂದರೆ ನಾನು ಮತ್ತು ನಮ್ಮ ಓಣಿಯ ಖೈರುನಬಿ, ಇಬ್ಬರೇ. ಮಾಸ್ತರರು ನಮ್ಮನ್ನು ಬಾಗಿಲ ಪಕ್ಕ ಕೂರಿಸುತ್ತಿದ್ದರು. ಮನೆಯಿಂದ ಕರೆ ಬಂದರೆ ಪಾಠಕ್ಕೆ ತೊಂದರೆಯಾಗದಂತೆ ಎದ್ದು ಹೋಗಬಹುದಲ್ಲ, ಅದಕ್ಕೆ. ಒಂದು ಸುಗ್ಗಿಯಲ್ಲಿ ಇಬ್ಬರೂ ಎದ್ದು ಹೋದೆವು, ಮತ್ತೆ ಹೋಗಲಿಲ್ಲ. ಶಾಲೆಯಲ್ಲಿ ಯಾರಿಗೂ ಜಾಗ ಖಾಲಿ ಕಾಣಲಿಲ್ಲ. ಹುಡುಗರು ತುಂಬಿದ್ದರು.

ನನ್ನ ಮಗಳ ಕಾಲಕ್ಕೆ ಬಾಗಿಲಿನಿಂದ ಒಳಗೆ ಎರಡು ಸಾಲು ಹೆಣ್ಣುಮಕ್ಕಳು ಬಂದಿದ್ದರು. ಮೊಮ್ಮಗಳು ಕಾವ್ಯಾಳ ಕಾಲಕ್ಕೆ ಶಾಲೆಯ ತುಂಬ ಅವರೇ. ನಾನು ಹೇಳಹೊರಟದ್ದು ಆ ಕಾವ್ಯ ನಾಲ್ಕನೇ ಇಯತ್ತೆಯಲ್ಲಿದ್ದ ವರ್ಷದ ಮಾತು.

ಆ ವರ್ಷ ಚಳಿಗಾಲ ಜೋರಾಗಿತ್ತು. ಸಂಕ್ರಾಂತಿಗೆ ಇನ್ನೂ ಕೆಲವು ದಿನ ಇರುವಾಗ ಶಾಲೆಗೆ ಶಿಕ್ಷಣ ಇಲಾಖೆಯ ಒಬ್ಬ ಸಾಹೇಬರು ಬಂದರು. ಶಾಲೆ ಎಂದರೆ ಎರಡು ಕೋಣೆ, ಒಂದು ಕಟ್ಟೆ, ಒಂದು ಬೇವಿನ ಮರ, ಐದನೇ ಇಯತ್ತೆವರೆಗೆ ಪಾಠ ಹೇಳಲು ಒಬ್ಬರೇ ಅಕ್ಕೋರು. ತಾಯಂದಿರನ್ನೂ ಕರೆದಿದ್ದರು. ಕಾವ್ಯಾಳ ತಾಯಿ, ನನ್ನ ಸೊಸೆ ಮಂಜುಳಾಗೆ ಕೈಗೂಸು ಇತ್ತು, ಆದ್ದರಿಂದ ನಾನು ಹೋದೆ. ಸಾಹೇಬರು ಕುರ್ಚಿಯಲ್ಲಿ ಕುಳಿತು ಸಂತೋಷಪಟ್ಟರು. "ಒಂದು ಕಾಲಕ್ಕ ಹೆಣ್ಣುಮಕ್ಕಳು ಸಾಲಿ ಮುಖಾನ ನೋಡತಿದ್ದಿಲ್ಲ. ಈಗ ನೋಡ್ರಿ, ಈ ಊರಾಗ ಗಂಡುಮಕ್ಕಳಿಗಿಂತ ಅವರ ಜಾಸ್ತಿ. ಭಾಳ ಅಭಿಮಾನದ ವಿಷಯ."

ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಬಾಯಿ ತಡೆಯಲಿಲ್ಲ.

"ಸಾಹೇಬ್ರ, ಹುಡುಗೂರು ಎಲ್ಲಿ ಹೋದ್ವು ಅಂತ ಕೇಳಲಿಲ್ಲಲ್ರಿ?"

"ಎಲ್ಲಿ ಹೋದ್ವು ಅಜ್ಜಿ?"

"ಹಳದಿ ವ್ಯಾನ್‌ನ್ಯಾಗ ಕುಂತು ರಾಣೆಬೆನ್ನೂರಿಗೆ ಹೋದ್ವು. ಇಂಗ್ಲೀಷ್ ಸಾಲಿಗೆ. ನಮ್ಮನಿದೂ ಒಂದ ಹೋಗೇತಿ. ವ್ಯಾನ್‌ನ್ಯಾಗ ಹಿಡೀಲಾರದವು ಇಲ್ಲಿ ಉಳದಾವ."

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಸಾಹೇಬರೂ ನಕ್ಕರು, ಆದರೆ ಸ್ವಲ್ಪ ಹೊತ್ತು ಮಾತ್ರ. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕಾವ್ಯಾಳ ಅಣ್ಣ ಪ್ರಜ್ವಲನಿಗೆ ಟೈ ಇತ್ತು, ಬೂಟು ಇತ್ತು, ವ್ಯಾನು ಇತ್ತು. ಕಾವ್ಯಾಳಿಗೆ ಮನೆಯ ಹಿಂದಿನ ಶಾಲೆ ಇತ್ತು. ಮನೆಯಲ್ಲಿ ಅದರ ಬಗ್ಗೆ ಜಗಳವೇ ಆಗಿರಲಿಲ್ಲ, ಅಷ್ಟು ಸಹಜವಾಗಿ ನಡೆದ ಮಾತು.

ಸಾಹೇಬರು ಜೀಪು ಹತ್ತುವ ಮುಂಚೆ ಅಕ್ಕೋರಿಗೆ ಏನೋ ಹೇಳಿದರು. ಅಕ್ಕೋರ ಮುಖ ಸಣ್ಣಗಾಯಿತು. ಮರುದಿನ ಅವರು ಓಣಿಯಲ್ಲಿ ಮನೆಮನೆಗೆ ಬಂದು ಹೇಳಿದರು. ಮಕ್ಕಳು ಕಡಿಮೆ ಇರುವ ಶಾಲೆಗಳನ್ನು ಪಕ್ಕದ ಊರಿನ ಶಾಲೆಗೆ ಸೇರಿಸುತ್ತಾರಂತೆ. ಸಾಹೇಬರು ಸುಗ್ಗಿಯ ನಡುವೆ ಇನ್ನೊಮ್ಮೆ ಬರುತ್ತಾರಂತೆ, ಹೇಳದೆ ಕೇಳದೆ. ಆಗ ಕೋಣೆಯಲ್ಲಿ ಮಕ್ಕಳಿದ್ದರೆ ಶಾಲೆ ಇರುತ್ತದೆ, ಇಲ್ಲದಿದ್ದರೆ ಬಾಗಿಲು ಮುಚ್ಚಿ ಎಲ್ಲರೂ ಹೈವೇ ಆಚೆಯ ಊರಿಗೆ ಹೋಗಬೇಕು.

ಇಲ್ಲಿಯೇ ಇತ್ತು ತೊಡಕು. ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳು ಸುಗ್ಗಿಗೆ ಎದ್ದು ಹೋದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗ ಶಾಲೆ ಎಂದರೆ ಅವರೇ. ಅವರು ಎದ್ದು ಹೋದರೆ ಉಳಿಯುವುದು ಅಕ್ಕೋರು ಮತ್ತು ಕರಿಹಲಗೆ.

ಆ ಸಂಜೆ ನಾನು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಕಾವ್ಯ ತಮ್ಮ ಚಿನ್ನುವನ್ನು ಟೊಂಕದ ಮೇಲೆ ಕೂರಿಸಿಕೊಂಡು ಬಂದು ಎದುರು ನಿಂತಳು. ವರ್ಷ ತುಂಬಿದ ಕೂಸು ಅದು, ಅವಳ ಅರ್ಧದಷ್ಟು ಇತ್ತು.

"ಆಯಿ, ನಮ್ಮ ಸಾಲಿ ಮುಚ್ಚಿದ್ರ ನನ್ನ ಹೈವೇ ದಾಟಿ ಕಳಸತೀರೇನು?"

"ಇಲ್ಲ" ಎಂದೆ. ಹುಡುಗಿಗೆ ಸುಳ್ಳು ಹೇಳಿ ಏನು ಮಾಡುವುದು? ಆ ರಸ್ತೆಯಲ್ಲಿ ಲಾರಿಗಳು ಹೋಗುವ ರೀತಿ ನೋಡಿದರೆ ದೊಡ್ಡವರೇ ದಾಟಲು ಹೆದರುತ್ತೇವೆ.

"ಮತ್ತ ಪ್ರಜ್ವಲ್ ದಿನಾ ಅದ ರಸ್ತಾದಾಗ ಹೋಗತಾನಲ್ಲ?"

"ಅವ ವ್ಯಾನ್‌ನ್ಯಾಗ ಹೋಗತಾನ."

"ಹಂಗಾರ ನಾ ನಾಕನೇತ್ತೆಗೇ ಮುಗಿಸೂದು."

"ಹೌದಾಗಬಹುದು."

ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. "ನೀ ಮೂರನೇತ್ತೆ, ನಾ ನಾಕನೇತ್ತೆ. ಭಾಳ ಸುಧಾರಿಸೇವಿ ಬಿಡು ಆಯಿ" ಎಂದು ಹೇಳಿ ಕೂಸಿನ ಜೊತೆ ಒಳಗೆ ಹೋದಳು. ನಾಲಿಗೆ ನನ್ನದೇ.

ಸಂಕ್ರಾಂತಿ ಮುಗಿದು ಟಂಟಂ ಬರುವ ಮೊದಲ ದಿನ. ಮಂಜು ದಟ್ಟವಾಗಿ ಕವಿದಿತ್ತು, ಗಾಡಿಯ ದೀಪ ಮಾತ್ರ ಕಾಣುತ್ತಿತ್ತು. ಬುತ್ತಿ ಕಟ್ಟಿಕೊಂಡು ನಾನು, ಮಂಜುಳಾ, ಖೈರುನಬಿ, ಅವಳ ಸೊಸೆ, ಉಳಿದವರೆಲ್ಲ ಹತ್ತಿದೆವು. ಕಾವ್ಯ ಚಿನ್ನುವನ್ನು ಎತ್ತಿಕೊಂಡು ಗಾಡಿಯ ತನಕ ಬಂದಳು, ಹತ್ತಲಿಲ್ಲ. ತಿರುಗಿ ಶಾಲೆಯ ಕಡೆ ನಡೆದಳು.

"ಏ ಕಾವ್ಯಾ! ಎಲ್ಲಿ ಹೊಂಟೀದಿ? ಹತ್ತ ಲಗೂನ!" ಮಂಜುಳಾ ಕೂಗಿದಳು.

"ಸಾಲಿಗೆ."

"ಕೂಸು?"

"ನನ್ನ ಕಡೆನ ಐತಿ. ಕೂಸು ಸಂಭಾಳಿಸು ಅಂದಿ. ಎಲ್ಲಿ ಕುಂತು ಸಂಭಾಳಿಸಬೇಕಂತ ಅಂದಿಲ್ಲಲ್ಲ ಯವ್ವಾ?"

ಗಾಡಿಯವನು ಹಾರ್ನು ಹೊಡೆದ. ಮಂಜುಳಾ ಅರ್ಧ ಇಳಿದಳು, ಅರ್ಧ ಹತ್ತಿದಳು. ಖೈರುನಬಿ ಅವಳ ಸೆರಗು ಹಿಡಿದು ಎಳೆದು ಕೂರಿಸಿದಳು. "ಕುಂದರ ತಂಗಿ. ಕೂಸು ಸಾಲ್ಯಾಗಿದ್ದರೇನು, ಬ್ಯಾಡಗ್ಯಾಗಿದ್ದರೇನು? ಅಲ್ಲೆರ ಸೀನೂದು ತಪ್ಪತೈತಿ." ಮಂಜಿನಲ್ಲಿ ಹುಡುಗಿ ಕಾಣಲಿಲ್ಲ. ಟೊಂಕದ ಮೇಲಿದ್ದ ಚಿನ್ನುವಿನ ಕೆಂಪು ಟೋಪಿ ಮಾತ್ರ ಸ್ವಲ್ಪ ದೂರ ಕಂಡಿತು.

ಮರುದಿನ ಖೈರುನಬಿಯ ಮೊಮ್ಮಗಳು ಶಮಾ ತನ್ನ ತಂಗಿಯನ್ನು ಎತ್ತಿಕೊಂಡು ಅದೇ ದಾರಿ ಹಿಡಿದಳು. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ವಾರ ಕಳೆಯುವುದರೊಳಗೆ ಟಂಟಂನಲ್ಲಿ ಒಬ್ಬ ಹುಡುಗಿಯೂ ಇರಲಿಲ್ಲ. ಯಾರೂ ಅವರಿಗೆ ಹೀಗೆ ಮಾಡಿ ಎಂದು ಹೇಳಿಕೊಟ್ಟಿರಲಿಲ್ಲ. ನಾವು ಇಷ್ಟು ವರ್ಷ ಕೂಸು ಎತ್ತಿಕೊಂಡು ಖಾರದ ಕಡೆಗೆ ನಡೆದೆವು, ಇವರು ಅದೇ ಕೂಸು ಎತ್ತಿಕೊಂಡು ಶಾಲೆಯ ಕಡೆಗೆ ನಡೆದರು. ನನಗಂತೂ ಆ ವಯಸ್ಸಿನಲ್ಲಿ ಹೀಗೊಂದು ದಾರಿ ಇದೆಯೆಂದು ಹೊಳೆದಿರಲಿಲ್ಲ.

ಆದರೆ ಕೂಸುಗಳಿಗೆ ಶಾಲೆ ಗೊತ್ತೇ? ಒಂದು ಸುಣ್ಣದ ಕಡ್ಡಿ ತಿಂದಿತು. ಒಂದು ಅಕ್ಕೋರ ಚೀಲದಲ್ಲಿ ಒದ್ದೆ ಮಾಡಿತು. ಒಂದು ಅತ್ತರೆ ಎಲ್ಲವೂ ಅಳುತ್ತಿದ್ದವು. ಅಂಗನವಾಡಿ ಇತ್ತು, ಆದರೆ ಇಷ್ಟು ಚಿಕ್ಕವನ್ನು ಅಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಕಡೆಗೆ ಒಂದು ಸಂಜೆ ಅಕ್ಕೋರು ನಮ್ಮ ಮನೆಗೆ ಬಂದರು. ಸೀರೆಯ ಮೇಲೆ ಯಾವುದೋ ಕೂಸಿನ ಜೊಲ್ಲು ಹಾಗೇ ಇತ್ತು.

"ಆಯಿ, ಹುಡುಗ್ಯಾರನ್ನ ಹೊರಗ ಹಾಕಾಕ ನನ್ನ ಕೈಲೆ ಆಗಂಗಿಲ್ಲ. ಪಾಠ ಮಾಡಾಕೂ ಆಗವಲ್ದು. ನೀವು ಬಂದು ಕಟ್ಟಿ ಮ್ಯಾಲ ಕುಂದರ್ರಿ. ಕೂಸುಗೋಳನ್ನ ನೋಡಿಕೊಳ್ರಿ. ಈ ಸುಗ್ಗಿ ಒಂದು."

"ನಾನ ಯಾಕ? ನನ್ನ ಕೆಲಸ ಯಾರು ಮಾಡತಾರು?"

ನನಗೆ ನನ್ನ ಕೈಯ ಬಗ್ಗೆ ಜಂಬವಿತ್ತು. ತೊಟ್ಟು ಮುರಿಯುವುದರಲ್ಲಿ ನಮ್ಮ ಓಣಿಯಲ್ಲಿ ನನ್ನ ಮುಂದೆ ಯಾರೂ ಇರಲಿಲ್ಲ. ಅಲ್ಲಿ ನನ್ನ ಜಾಗ ಇತ್ತು, ನನ್ನ ಗೋಣಿಚೀಲ ಇತ್ತು, ನನ್ನ ಮಾತಿಗೆ ನಗುವ ಹೆಂಗಸರಿದ್ದರು. ಕೂಸು ಆಡಿಸುವುದು ನನ್ನ ಪಾಲಿಗೆ ಮೂರನೇ ಇಯತ್ತೆಯಲ್ಲೇ ಸಾಕಾಗಿತ್ತು. ಆಗುವುದಿಲ್ಲ ಎಂದೆ. ಅಕ್ಕೋರು ಚಹಾ ಕುಡಿದು ಎದ್ದು ಹೋದರು.

ಮರುದಿನ ರಾಶಿಯ ಮುಂದೆ ಕುಳಿತು ಇದನ್ನು ಖೈರುನಬಿಗೆ ಹೇಳಿದೆ. ಅವಳು ಸಮಾಧಾನ ಹೇಳುವ ಜಾತಿಯವಳಲ್ಲ.

"ನಿನ್ನ ಕೆಲಸ ಯಾರು ಮಾಡತಾರು ಅಂದೇನು? ಮಾಡಾಕತ್ತೇವಲ್ಲ, ಎರಡ ವರ್ಷದಿಂದ. ನಿನಗ ಕಣ್ಣು ಕಾಣವಲ್ದು ಗಂಗವ್ವ. ತೊಟ್ಟಿನ ಜೋಡಿ ಅರ್ಧ ಕಾಯಿನೂ ಮುರೀತೀದಿ. ಮುಕಾದಮ ಬೈದಾನಂತ ನಿನ್ನ ರಾಶಿ ನಾ ಹಿಂದಿಂದ ಆರಿಸಿ ಇಡತೇನಿ."

"ಸುಳ್ಳ ಹೇಳಬ್ಯಾಡ."

"ಖರೇನ. ನಿನ್ನ ಮುಂದ ನೋಡಕೋ."

ನೋಡಿಕೊಂಡೆ. ಬಗ್ಗಿ, ಹತ್ತಿರದಿಂದ. ನನ್ನ ಮುಂದಿನ ರಾಶಿಯ ತುಂಬ ಮುರಿದ ಕಾಯಿ, ಚೆಲ್ಲಿದ ಬೀಜ. ಖೈರುನಬಿಯ ರಾಶಿಯಲ್ಲಿ ಇಡೀ ಕಾಯಿಗಳೇ ಹೊಳೆಯುತ್ತಿದ್ದವು. ನನಗೆ ಸಿಟ್ಟು ಬಂತು, ಅವಳ ಮೇಲೆ. ಮಧ್ಯಾಹ್ನದ ಬುತ್ತಿಯನ್ನು ಅವಳಿಗೆ ಬೆನ್ನು ಹಾಕಿ ಉಂಡೆ. ಮರುದಿನ ಟಂಟಂ ಬಂದಾಗ ನಾನು ಹತ್ತಲಿಲ್ಲ.

ಶಾಲೆಯ ಕಟ್ಟೆಯಲ್ಲಿ ಮೊದಲ ದಿನವೇ ಎಡವಟ್ಟಾಯಿತು. ಮನೆಗೆಂದು ತಂದಿಟ್ಟಿದ್ದ ಕಾಯಿಯ ತೊಟ್ಟನ್ನು ಬೆಳಿಗ್ಗೆ ಮುರಿದು ಹೋಗಿದ್ದೆ. ಕೈ ತೊಳೆದಿದ್ದೆ, ಆದರೆ ಅವಸರದಲ್ಲಿ. ಶಮಾಳ ತಂಗಿಗೆ ಮೂಗು ಸೋರುತ್ತಿತ್ತು. ಬೆರಳಿನಿಂದ ಒರೆಸಿದೆ.

ಆ ಕೂಸು ಕೂಗಿದ್ದು ಹೈವೇ ತನಕ ಕೇಳಿರಬೇಕು. ಅದನ್ನು ನೋಡಿ ಉಳಿದವೂ ಶುರು. ಹುಡುಗಿಯರು ಪಾಠ ಬಿಟ್ಟು ಓಡಿಬಂದರು. ಶಮಾ ತಂಗಿಯನ್ನು ನನ್ನ ಕೈಯಿಂದ ಕಸಿದುಕೊಂಡಳು. ಅಕ್ಕೋರು ಕೊಬ್ಬರಿ ಎಣ್ಣೆ ತಂದರು, ಇನ್ನೊಬ್ಬಳು ಬಿಸಿಯೂಟದ ಕೋಣೆಯಿಂದ ಹಾಲು ತಂದಳು. ಕೂಸು ತಣ್ಣಗಾಗಲು ಬಹಳ ಹೊತ್ತು ಹಿಡಿಯಿತು. ನಾನು ಕೈ ಎರಡನ್ನೂ ಮೇಲೆತ್ತಿಕೊಂಡು ಕಳ್ಳಿಯ ಹಾಗೆ ಗೋಡೆಗೆ ಒರಗಿ ನಿಂತಿದ್ದೆ.

ಕಾವ್ಯ ಬಂದು ನನ್ನ ಬೆರಳು ಮೂಸಿ ನೋಡಿದಳು. "ಆಯಿ, ಎರಡೂ ಆಗಂಗಿಲ್ಲ. ಕಾಯಿ ಮುರಿಯೂದಿದ್ರ ಬ್ಯಾಡಗಿಗೆ ಹೋಗು. ಕೂಸು ಹಿಡಿಯೂದಿದ್ರ ಇಲ್ಲಿರು."

ಹೇಳಿದ್ದು ಸರಿಯಾಗಿತ್ತು. ಅವತ್ತಿನಿಂದ ಆ ಸುಗ್ಗಿಯಿಡೀ ನಾನು ಮನೆಯ ಒಗ್ಗರಣೆಗೂ ಒಣ ಮೆಣಸಿನಕಾಯಿ ಮುಟ್ಟಲಿಲ್ಲ. ಊಟಕ್ಕೆ ಕೂತರೆ ಚಟ್ನಿಯನ್ನು ಮಂಜುಳಾಳೇ ಚಮಚದಿಂದ ಹಾಕುತ್ತಿದ್ದಳು. ಅತ್ತೆಯಾದವಳು ಸೊಸೆಯಿಂದ ಹೀಗೆ ಬಡಿಸಿಕೊಂಡದ್ದು ನಮ್ಮ ಓಣಿಯಲ್ಲಿ ಅದೇ ಮೊದಲಿರಬೇಕು.

ಬೇವಿನ ಕೊಂಬೆಗೆ ಹಳೆ ಸೀರೆಯ ಜೋಳಿಗೆ ಕಟ್ಟಿದೆ. ಬೆಳಗಿನ ಇಬ್ಬನಿ ಆರಿ, ಬಿಸಿಲು ಕಟ್ಟೆಗೆ ಬರುವ ಹೊತ್ತಿಗೆ ಒಂದೆರಡು ಕೂಸು ಮಲಗಿರುತ್ತಿದ್ದವು. ಉಳಿದವಕ್ಕೆ ಜೋಳದ ನುಚ್ಚು. ಮಾಘ ಕಳೆಯುತ್ತಿದ್ದಂತೆ ಬೇವು ಎಲೆ ಉದುರಿಸಲು ಶುರುಮಾಡಿತು, ನೆರಳು ತೂತು ತೂತಾಯಿತು, ನಾನು ಜೋಳಿಗೆಯನ್ನು ಕೊಂಬೆಯಿಂದ ಕೊಂಬೆಗೆ ಬದಲಿಸಿದೆ. ಕಿಟಕಿಯಿಂದ ಪಾಠ ಕೇಳುತ್ತಿತ್ತು. ಅದನ್ನು ಕೇಳಿ ನಾನು ವಿದ್ಯಾವಂತಳಾದೆ ಎಂದೇನೂ ಹೇಳುವುದಿಲ್ಲ. ನನಗೆ ಬೇಕಾದಷ್ಟು ಅಕ್ಷರ ಮೊದಲೇ ಇತ್ತು. ಕೇಳಿಸಿಕೊಂಡದ್ದು ಆ ಹುಡುಗಿಯರ ಗಂಟಲು. ಕೂಸು ಅತ್ತಷ್ಟೂ ಮಗ್ಗಿ ಜೋರಾಗುತ್ತಿತ್ತು. ಹೊರಗಿನ ಅಳುವನ್ನು ಒಳಗಿನಿಂದ ಕೂಗಿ ಮುಳುಗಿಸುತ್ತಿದ್ದರು. ಗಂಟೆ ಬಾರಿಸಿದ ಕೂಡಲೇ ಹೊರಗೆ ಬಂದು ಕೈ ತೊಳೆದು, ತಂತಮ್ಮ ಕೂಸಿಗೆ ತಿನ್ನಿಸಿ, ಬಟ್ಟೆ ಬದಲಿಸಿ, ಮತ್ತೆ ಗಂಟೆಗೆ ಒಳಗೆ. ಆಟ ಎಂದು ಅವರಿಗೆ ಉಳಿಯುತ್ತಿದ್ದದ್ದು ಚೂರೇ ಚೂರು. ಆ ಚೂರಿನಲ್ಲೂ ಕುಂಟಾಬಿಲ್ಲೆ ಆಡುತ್ತಿದ್ದರು, ಜಗಳವಾಡುತ್ತಿದ್ದರು. ಸಂಜೆ ಹಳದಿ ವ್ಯಾನು ಬರುತ್ತಿತ್ತು. ಪ್ರಜ್ವಲ್ ನಿದ್ದೆಗಣ್ಣಿನಲ್ಲಿ ಇಳಿಯುತ್ತಿದ್ದ, ಚೀಲ ಅವನಿಗಿಂತ ಭಾರ. ಒಮ್ಮೆ ಕಾವ್ಯ ಆ ಚೀಲವನ್ನೂ ಎತ್ತಿಕೊಂಡಳು. ಟೊಂಕದಲ್ಲಿ ತಮ್ಮ, ಬೆನ್ನಿಗೆ ಅಣ್ಣನ ಚೀಲ.

"ಅವನ ಕೈ ಮುರದಾವೇನು? ಕೆಳಗಿಡು ಅದನ್ನ" ಎಂದು ಬೈದೆ. ಇಟ್ಟಳು. ಪ್ರಜ್ವಲ್ ತಾನೇ ಹೊತ್ತುಕೊಂಡ.

ಸಾಹೇಬರು ಬಂದದ್ದು ಸುಗ್ಗಿ ಉಕ್ಕಿ ಹರಿಯುವ ದಿನದಲ್ಲಿ. ಊರಿನಲ್ಲಿ ಮೈ ಗಟ್ಟಿಯಿದ್ದ ಹೆಂಗಸು ಒಬ್ಬಳೂ ಉಳಿದಿರಲಿಲ್ಲ, ಎಲ್ಲರೂ ಬ್ಯಾಡಗಿಗೆ ಹೋಗಿದ್ದರು. ಜೀಪು ನಿಂತ ಸದ್ದಿಗೆ ಅಕ್ಕೋರು ಬಾಗಿಲಿಗೆ ಬಂದರು. ಸಾಹೇಬರು ಒಳಗೆ ಇಣುಕಿದರು. ಕೋಣೆ ತುಂಬಿತ್ತು. ಇನ್ನೊಂದು ಕೋಣೆಗೆ ಹೋದರು. ಅದೂ ತುಂಬಿತ್ತು. ಶಮಾಳನ್ನು ಎಬ್ಬಿಸಿ ಪಾಠ ಓದಿಸಿದರು, ಕಾವ್ಯಾಳಿಗೆ ಭಾಗಾಕಾರ ಕೊಟ್ಟರು. ಕಾವ್ಯ ಮಾಡಿದಳು. ಮಾಡಿ, "ಇನ್ನೊಂದು ಕೊಡ್ರಿ, ಇದು ಸಣ್ಣದಾತು" ಎಂದಳು. ಸಾಹೇಬರು ಹೊರಗೆ ಬಂದು ಕಟ್ಟೆಯನ್ನೂ ಜೋಳಿಗೆಗಳನ್ನೂ ನನ್ನನ್ನೂ ನೋಡಿದರು.

"ಏನಜ್ಜಿ, ಇವು ಯಾರ ಮಕ್ಕಳು?"

"ಇವರ ತಮ್ಮಂದ್ರು, ತಂಗೇರು. ಅವ್ವಂದ್ರು ಖಾರದಾಗ ಅದಾರ. ಇವನ್ನ ಹಿಡಕೊಂಡು ಅಲ್ಲಿ ಕುಂದರೂ ಹುಡುಗ್ಯಾರು ನಿಮ್ಮ ಮುಂದ ಲೆಕ್ಕ ಮಾಡಾಕತ್ತಾರ."

ಸಾಹೇಬರು ಬಗ್ಗಿ ಒಂದು ಜೋಳಿಗೆಯೊಳಗೆ ಇಣುಕಿದರು. ಆಮೇಲೆ, "ಈಗೂ ಹೆಣ್ಣುಮಕ್ಕಳ ಜಾಸ್ತಿ ಅದಾರಲ್ಲ ಅಜ್ಜಿ" ಎಂದರು, ನನ್ನ ಹಳೆಯ ಮಾತನ್ನು ಮರೆತಿರಲಿಲ್ಲ.

"ಜೋಳಿಗ್ಯಾಗ ಗಂಡೂ ಅದಾವ್ರಿ. ವ್ಯಾನ್ ಬರೂದರೊಳಗ ಹೆಸರು ಹಚ್ಚಿಕೊಂಡಬಿಡ್ರಿ."

ಈ ಸಲ ಅವರು ಮನಸ್ಸು ಬಿಚ್ಚಿ ನಕ್ಕರು. ಜೀಪು ತಿರುವು ದಾಟುವ ತನಕ ಅಕ್ಕೋರು ನಿಂತೇ ಇದ್ದರು. ಆಮೇಲೆ ಬಂದು ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತು ಚಪ್ಪಲಿ ಕಳಚಿದರು. "ಮುಚ್ಚಂಗಿಲ್ಲಂತ ಆಯಿ" ಎಂದರು. ಒಳಗೆ ಹುಡುಗಿಯರು ಕಿಟಕಿಗೆ ಮುಖ ಒತ್ತಿಕೊಂಡಿದ್ದರು. ಯಾರೋ ಒಬ್ಬಳು ಕಿರುಚಿದಳು, ಅದಕ್ಕೆ ಜೋಳಿಗೆಯ ಕೂಸೆಲ್ಲ ಎದ್ದವು. ಎಲ್ಲವನ್ನೂ ಮತ್ತೆ ಮಲಗಿಸುವ ಹೊತ್ತಿಗೆ ನನಗೆ ಸಾಕುಬೇಕಾಯಿತು.

ಆ ಸುಗ್ಗಿ ಪೂರ್ತಿ ಮುಗಿಯಲೇ ಇಲ್ಲ. ಕೊರೋನಾ ಬಂದು ದೇಶದ ಶಾಲೆಗಳೆಲ್ಲ ಮುಚ್ಚಿದವು, ನಮ್ಮದೂ ಮುಚ್ಚಿತು. ಆದರೆ ಎಲ್ಲ ಶಾಲೆ ತೆರೆದ ದಿನ ನಮ್ಮದೂ ತೆರೆಯಿತು, ಅದು ದೊಡ್ಡ ಮಾತು. ಹಳದಿ ವ್ಯಾನಿನ ಕೆಲವು ಹುಡುಗರೂ ಆಗ ಅಲ್ಲಿಗೇ ಬಂದರು. ಮುಂದಿನ ಸುಗ್ಗಿಗಳಲ್ಲಿ ಕಟ್ಟೆಯ ಮೇಲೆ ನಾವು ಮುದುಕಿಯರು ಸರದಿ ಹಾಕಿಕೊಂಡೆವು. ಖೈರುನಬಿಯೂ ಒಂದು ವರ್ಷ ಬಂದಳು, ಕೂಸುಗಳಿಗೆ ಬೈಗುಳ ಕಲಿಸಿದಳು. ಚಿನ್ನು ಈಗ ಅದೇ ಶಾಲೆಯಲ್ಲಿ ಒಂದನೇ ಇಯತ್ತೆ. ವ್ಯಾನು ಹತ್ತಿಸಲು ನೋಡಿದರು, ಅವನು ಬೇವಿನ ಮರ ಬಿಟ್ಟು ಬರುವುದಿಲ್ಲ ಎಂದ. ಶಮಾ ಮತ್ತು ಕಾವ್ಯ ಹತ್ತನೇ ಇಯತ್ತೆ, ದಿನಾ ಬಸ್ಸಿನಲ್ಲಿ ಬ್ಯಾಡಗಿಗೆ ಹೋಗುತ್ತಾರೆ. ಖಾರದ ಕೆಲಸಕ್ಕಲ್ಲ.

ಇಷ್ಟೆಲ್ಲ ನೆನೆಯುತ್ತ ಇವತ್ತು ನಾನು ಬ್ಯಾಡಗಿಯಲ್ಲಿ ಇಳಿದು, ಊರಿನ ಬಸ್ಸು ಹಿಡಿಯದೆ ಖೈರುನಬಿ ಕೆಲಸ ಮಾಡುವ ಕಡೆ ನಡೆದೆ. ರಾಶಿ ಮೊದಲಿನ ಹಾಗೇ ಕೆಂಪಗೆ ಬಿದ್ದಿತ್ತು. ನಮ್ಮೂರಿನವರ ಸಾಲಿನಲ್ಲಿ ಹುಡುಗಿಯರಿರಲಿಲ್ಲ. ಅದರ ಆಚೆಯ ಸಾಲಿನಲ್ಲಿ ಒಬ್ಬಳಿದ್ದಳು. ಏಳೆಂಟು ವರ್ಷದವಳು, ತೊಡೆಯ ಮೇಲೆ ಕೂಸು, ಅಂಗೈ ಎರಡೂ ಮೇಲ್ಮುಖವಾಗಿ ಬಿಚ್ಚಿಕೊಂಡು ಎಲ್ಲಿಯೂ ತಾಗದಂತೆ ಕುಳಿತಿದ್ದಳು. ನಾನು ಕೂರುತ್ತಿದ್ದುದೂ ಹಾಗೆಯೇ.

"ಸಾಲಿ ಇಲ್ಲೇನವ್ವಾ?"

"ಐತಿ. ಉಗಾದಿ ಆದಮ್ಯಾಲ ಹೋಗತೇನಿ."

ಪಕ್ಕದಲ್ಲಿ ತೊಟ್ಟು ಮುರಿಯುತ್ತಿದ್ದ ಅವಳ ತಾಯಿ ತಲೆ ಎತ್ತಿದಳು. ಕುಪ್ಪೇಲೂರಿನ ಆಚೆಯ ಒಂದು ಹಳ್ಳಿ ಎಂದಳು. ಕೂಸು ಇದೆ, ಏನು ಮಾಡುವುದು ಎಂದಳು.

"ನಿಮ್ಮೂರಾಗ ಮುದುಕೇರು ಇಲ್ಲೇನು?"

"ಅದಾರಲ್ರಿ. ನಮ್ಮತ್ತಿನ ಅದಾಳ ಮನ್ಯಾಗ."

"ಆಕಿ ಕೈಗೇನಾಗೇತಿ?"

ಹಿಂದಿನಿಂದ ಖೈರುನಬಿ ನಗುವುದು ಕೇಳಿಸಿತು. "ಹತ್ತಿತು ನೋಡವ್ವ ನಿಮ್ಮತ್ತಿಗೆ ಗ್ರಹಚಾರ" ಎಂದಳು. ನಾನು ಅತ್ತೆಯ ಹೆಸರು ಕೇಳಿದೆ, ಮನೆಯ ಗುರುತು ಕೇಳಿದೆ. ನಾಳೆ ಬೆಳಿಗ್ಗೆ ರಾಣೆಬೆನ್ನೂರಿಗೆ ಹೋಗಿ ಅಲ್ಲಿಂದ ಕುಪ್ಪೇಲೂರಿನ ಬಸ್ಸು ಹಿಡಿಯಬೇಕು. ಹೆಣ್ಣುಮಕ್ಕಳಿಗೆ ಈಗ ಹೇಗೂ ಟಿಕೆಟ್ ಇಲ್ಲ.